ಗಾಳಿ ಜಾಸ್ತಿ ಇತ್ತು

ಡ್ರೋನ್ ಬೀಳಿಸಿದವರು ಅಂತ ಈ ಭೂಮಿಯ ಮೇಲೆ ಯಾರೂ ಇಲ್ಲ. ಡ್ರೋನ್ ತಾನಾಗಿಯೇ ಬೀಳುತ್ತದೆ. ಗಾಳಿ ಜಾಸ್ತಿ ಇತ್ತು, ಸಿಗ್ನಲ್ ಹೋಯಿತು, ಕಂಪಾಸ್ ಕೈಕೊಟ್ಟಿತು, ಹದ್ದು ಮೇಲೆರಗಿತು, ಬಿಸಿಲು ಕಣ್ಣಿಗೆ ಹೊಡೆಯಿತು. ಇವೆಲ್ಲ ಮುಗಿದ ಮೇಲೆ ಕೊನೆಯದಾಗಿ, 'ಮರ ಅಡ್ಡ ಬಂತು.' ಈ ಕೊನೆಯ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಡ್ಡ ಬಂದ ಮರ ನಮ್ಮ ಮಾವನವರ ತಾಯಿ ಮದುವೆಯಾಗಿ ಆ ಮನೆಗೆ ಬಂದ ವರ್ಷ ನೆಟ್ಟದ್ದಂತೆ. ಅಂದಿನಿಂದ ನಿಂತಲ್ಲೇ ನಿಂತಿದೆ. ಆದರೂ ಆ ಸಂಜೆ ಅಡ್ಡ ಬಂತು. ಜಗತ್ತಿನಲ್ಲಿ ಎಲ್ಲವೂ ತಪ್ಪು ಮಾಡಬಹುದು, ರಿಮೋಟಿನ ಮೇಲಿನ ಎರಡು ಹೆಬ್ಬೆರಳು ಮಾತ್ರ ಮಾಡುವುದಿಲ್ಲ.

ಹೇಳಿದವನು ನನ್ನ ಭಾವಮೈದುನ. ಮನೆಯಲ್ಲಿ ಎಲ್ಲರೂ ಅವನನ್ನು ಪೈಲಟ್ ಎಂದೇ ಕರೆಯುವುದು. 'ಪೈಲಟ್ಟು ಸ್ನಾನಕ್ಕೆ ಹೋದ್ನಾ?' ಎಂದು ಅತ್ತೆಯವರೂ ಕೇಳುತ್ತಾರೆ. ವಾರವೆಲ್ಲ ಬೆಂಗಳೂರಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುತ್ತಾನೆ, ಶನಿವಾರ ಬಂತೆಂದರೆ ತಿಪಟೂರು ಕಡೆಯ ತೋಟಕ್ಕೆ ಹೊರಡುತ್ತಾನೆ. ಮಗನಿಗೆ ತೋಟದ ಮೇಲೆ ಮನಸ್ಸು ಬಂತು ಎಂದು ಮಾವನವರು ಮೊದಮೊದಲು ಊರಲ್ಲೆಲ್ಲ ಹೇಳಿಕೊಂಡು ಬಂದರು. ತೆಂಗಿನ ಸಾಲುಗಳ ನಡುವೆ ಇಪ್ಪತ್ತೈದರಿಂದ ಮೂವತ್ತು ಅಡಿ ಜಾಗ ಬಿಟ್ಟಿರುತ್ತಾರಲ್ಲ, ಹಿರಿಯರು ಅದನ್ನು ಬಿಟ್ಟದ್ದು ಬೇರಿಗೆ, ಬಿಸಿಲಿಗೆ, ಗಾಡಿ ತಿರುಗಿಸುವುದಕ್ಕೆ. ಪೈಲಟ್ಟಿನ ಲೆಕ್ಕದಲ್ಲಿ ಅದು ರೇಸ್ ಟ್ರ್ಯಾಕು. ಕಣ್ಣಿಗೆ ಒಂದು ಕಪ್ಪು ಡಬ್ಬ ಕಟ್ಟಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಟ್ಟರೆ ಅವನಿಗೆ ಲೋಕ ಕಾಣುವುದು ಡ್ರೋನಿನ ಮೂಗಿನ ಕ್ಯಾಮೆರಾಕ್ಕೆ ಕಂಡಷ್ಟೇ. ಹಾಗೆ ಹಾರಿಸುವಾಗ ಪಕ್ಕದಲ್ಲಿ ಬರಿಗಣ್ಣಿನವನೊಬ್ಬ ನಿಂತು ಆಕಾಶ ನೋಡುತ್ತಿರಬೇಕು. ಆ ಹುದ್ದೆ ನನ್ನದು. ಸಂಬಳ, ಎಳನೀರು.

ಇದು ಮದುವೆ ಮನೆಯಲ್ಲಿ ಮುಹೂರ್ತದ ಹೊತ್ತಿಗೆ ನಿಮ್ಮ ತಲೆಯ ಮೇಲೆ ಗುಂಯ್‌ಗುಡುವ ಕ್ಯಾಮೆರಾ ಡ್ರೋನ್ ಅಲ್ಲ. ಅದನ್ನು ಅಂಗಡಿಯಿಂದ ತರುತ್ತಾರೆ, ಇದನ್ನು ಕಟ್ಟುತ್ತಾರೆ. ಐದಿಂಚಿನದು ಎನ್ನುತ್ತಾರೆ, ಅಂದರೆ ರೆಕ್ಕೆಯ ಅಳತೆ ಐದಿಂಚು. ಕಾರ್ಬನ್ ಫೈಬರಿನ ನಾಲ್ಕು ತೋಳು, ತೋಳಿಗೊಂದು ಮೋಟಾರು, ನಡುವೆ ಸರ್ಕ್ಯೂಟ್ ಬೋರ್ಡುಗಳ ಒಂದು ಪುಟ್ಟ ಗೋಪುರ, ಬೆನ್ನಿಗೆ ಬೆಲ್ಟು ಬಿಗಿದ ಬ್ಯಾಟರಿ. ಮುಚ್ಚಳ ಇಲ್ಲ, ಮೈಮೇಲೆ ಬಟ್ಟೆ ಇಲ್ಲ. ಚೆನ್ನಾಗಿ ಓಡಿಸಿದರೆ ಒಂದು ಬ್ಯಾಟರಿಗೆ ಮೂರರಿಂದ ಐದು ನಿಮಿಷ ಹಾರುತ್ತದೆ. ಆ ಐದು ನಿಮಿಷಕ್ಕಾಗಿ ಮನುಷ್ಯ ವಾರಗಟ್ಟಲೆ ಸ್ಕ್ರೂ ಬಿಚ್ಚಿ ಹಾಕುತ್ತಾನಲ್ಲ ಎಂದು ಕನಿಕರ ಪಡುವವರಿದ್ದಾರೆ. ಪಡಬೇಡಿ. ನಾನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ: ಈ ಜನಕ್ಕೆ ಹಾರಿಸುವುದು ಒಂದು ನೆಪ. ಅವರಿಗೆ ಬೇಕಾದದ್ದು ರಿಪೇರಿ. ರಿಪೇರಿಗೆ ಏನಾದರೂ ಕೆಟ್ಟಿರಬೇಕು, ಕೆಡುವುದಕ್ಕೆ ಬೀಳಬೇಕು, ಬೀಳುವುದಕ್ಕೆ ಒಮ್ಮೆ ಮೇಲೇರಲೇಬೇಕು. ಅಷ್ಟೇ.

ಸುಳ್ಳೆನಿಸಿದರೆ ಇತಿಹಾಸ ನೋಡಿ. ಇವತ್ತು ಹವ್ಯಾಸಿಗಳು ಡ್ರೋನಿನ ಮಿದುಳಿಗೆ ತುಂಬುವ ತಂತ್ರಾಂಶ ಬೀಟಾಫ್ಲೈಟ್. ಅದರ ವಂಶಾವಳಿ ಹಿಡಿದು ಹಿಂದಕ್ಕೆ ಹೋದರೆ ಕ್ಲೀನ್‌ಫ್ಲೈಟ್, ಬೇಸ್‌ಫ್ಲೈಟ್, ಕೊನೆಗೆ 2010ರ ಸುಮಾರಿನ ಮಲ್ಟಿವೀ ಸಿಗುತ್ತದೆ. ಆ ಹೆಸರಿನ ಬಾಲದಲ್ಲಿರುವ 'ವೀ' ನಿಂಟೆಂಡೊ ಕಂಪನಿಯ ವಿಡಿಯೋ ಗೇಮ್ ಯಂತ್ರದ್ದು. ಮಕ್ಕಳು ಟೀವಿ ಮುಂದೆ ಕೈ ಬೀಸಿ ಟೆನ್ನಿಸ್ ಆಡುತ್ತಿದ್ದ ಆ ರಿಮೋಟಿಗೆ ಸಿಕ್ಕಿಸುವ ಒಂದು ತುಣುಕಿನಲ್ಲಿ ಹೊರಳುವಿಕೆಯನ್ನು ಅಳೆಯುವ ಗೈರೋ ಇತ್ತು, ಅಗ್ಗಕ್ಕೆ ಸಿಗುತ್ತಿತ್ತು. ಅದನ್ನು ಬಿಚ್ಚಿ, ಗೈರೋ ಕಿತ್ತು, ಆರ್ಡುಯಿನೋ ಬೋರ್ಡಿಗೆ ಬೆಸೆದು ಹಾರಿಸಿದರು. ಅಂದರೆ ಚೆನ್ನಾಗಿದ್ದ ವಸ್ತುವನ್ನು ಬಿಚ್ಚಿ ಹಾಕಿದವರಿಂದಲೇ ಈ ಕಸುಬು ಶುರುವಾದದ್ದು. ನಮ್ಮ ಪೈಲಟ್ಟು ಏಳನೇ ಕ್ಲಾಸಿನಲ್ಲಿ ಮಾವನವರ ಅಲಾರಂ ಗಡಿಯಾರ ಬಿಚ್ಚಿದ್ದನಂತೆ. ಅದು ಇವತ್ತಿಗೂ ಜೋಡಣೆಯಾಗಿಲ್ಲ.

ಆ ಸಂಜೆಯ ಸಂಗತಿಗೆ ಬರುತ್ತೇನೆ. ಡ್ರೋನು ಮರದ ಸುಳಿಯಲ್ಲಿ, ಗರಿಗಳ ನಡುವೆ ಸಿಕ್ಕಿಕೊಂಡಿತು. ಒಂದು ವಿಷಯದಲ್ಲಿ ಅವನನ್ನು ಮೆಚ್ಚಬೇಕು, ಏಟು ಬಿದ್ದ ಕ್ಷಣವೇ ಸ್ವಿಚ್ ತಳ್ಳಿ ಮೋಟಾರು ನಿಲ್ಲಿಸಿದ. ಎಷ್ಟೋ ಜನ ಅಲ್ಲೇ ಎಡವುವುದು. ಹೇಗಾದರೂ ಬಿಡಿಸಿಕೊಂಡು ಬರುತ್ತದೇನೋ ಎಂದು ಇನ್ನಷ್ಟು ಥ್ರಾಟಲ್ ಕೊಡುತ್ತಾರೆ. ಗರಿಗೆ ಸಿಕ್ಕಿದ ರೆಕ್ಕೆ ತಿರುಗಲಾರದು, ಮೋಟಾರು ಮಾತ್ರ ಕರೆಂಟು ಎಳೆಯುತ್ತಲೇ ಇರುತ್ತದೆ, ಅದಕ್ಕೆ ಕರೆಂಟು ಹಂಚುವ ಇಎಸ್‌ಸಿ ಎಂಬ ಬೋರ್ಡಿನ ಮಾಸ್‌ಫೆಟ್ ಎಂಬ ಪುಟ್ಟ ಸ್ವಿಚ್ಚುಗಳು ಚುರ್ರೆಂದು ಸುಟ್ಟು ಹೋಗುತ್ತವೆ. ಈಗಿನವು ನಾಲ್ಕು ಮೋಟಾರಿನದ್ದೂ ಒಂದೇ ಬೋರ್ಡಿನಲ್ಲಿರುತ್ತವೆ, ಒಂದು ಮೂಲೆ ಸುಟ್ಟರೂ ಪೂರ್ತಿ ಬೋರ್ಡಿಗೆ ಕೈಮುಗಿಯಬೇಕು.

ಮೋಟಾರು ನಿಂತಿತು ಸರಿ, ಡ್ರೋನು ಯಾವ ಮರದಲ್ಲಿದೆ? ನಾನು ಆಕಾಶ ನೋಡುತ್ತಿದ್ದೆ, ಆದರೆ ತೋಟದಲ್ಲಿ ಆಕಾಶವೆಲ್ಲ ಗರಿಯೇ. ಪೈಲಟ್ಟು ರಿಮೋಟಿನಲ್ಲಿ ಇನ್ನೊಂದು ಸ್ವಿಚ್ ಒತ್ತಿದ. ಎಲ್ಲೋ ಮೇಲಿನಿಂದ 'ಕೀಂ... ಕೀಂ...' ಎಂದು ಶುರುವಾಯಿತು. ಅದಕ್ಕೆಂದೇ ಕೂರಿಸಿದ ಬಜರ್. ಬಜರ್ ಇಲ್ಲದವರು ಮೋಟಾರಿನಿಂದಲೇ ಕೂಗಿಸಬಹುದು. ತಿರುಗಿಸದೆ ಸುಮ್ಮನೆ ಅದರ ಸುರುಳಿಗಳಿಗೆ ಕರೆಂಟಿನ ಚಿಟಿಕೆ ಕೊಟ್ಟರೆ ಸಣ್ಣ ದನಿ ಹೊರಡುತ್ತದೆ. ನಮ್ಮದು ಕೂಗಿದ್ದಕ್ಕೆ ಊರ ಕಾಗೆಗಳೆಲ್ಲ ಆ ಮರದ ಸುತ್ತ ಸೇರಿ ಸಭೆ ಮಾಡಿದವು. ಹಾಗಾಗಿ ಮರ ಗುರುತಿಸುವ ಕೆಲಸ ನನಗೆ ಉಳಿಯಲಿಲ್ಲ.

ಕಾಯಿ ಕೀಳುವ ಆಳಿಗೆ ಹೇಳಿಕಳಿಸಿದೆವು. ಆತ ಬಂದ, ತಲೆಯೆತ್ತಿ ನೋಡಿದ, ಕಾಲಿಗೆ ಹಗ್ಗದ ತಳೆ ಹಾಕಿಕೊಳ್ಳುತ್ತ ಕೇಳಿದ.

"ಇದ್ರಲ್ಲಿ ಕಾಯಿ ಕೀಳ್ಬೋದಾ ಸಾ?"

"ಇಲ್ಲಪ್ಪ, ಇದು ಸುಮ್ಮನೆ ಹಾರೋದು."

"ಸುಮ್ಮನೆ ಹಾರೋಕೆ ಇಷ್ಟೊಂದು ದುಡ್ಡಾ?"

ಪೈಲಟ್ಟಿನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಮಾವನವರು ಕೆಮ್ಮಿದರು. ಆಳು ಸರಸರನೆ ಹತ್ತಿ ಸುಳಿ ತಲುಪಿ, ಗರಿ ಬಿಡಿಸಿ, ಡ್ರೋನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಕೂಗಿದ: "ಅಣ್ಣಾ, ಬಿಡ್ಲಾ?"

ಪೈಲಟ್ಟು ಎರಡೂ ಕೈಯೆತ್ತಿ "ಬಿಡ್ಬೇಡಾ!" ಎಂದು ಕಿರುಚಿದ. ಮರದ ಎತ್ತರಕ್ಕೆ ಆ ಮಾತಿನ ಮುಂಭಾಗ ಮಾತ್ರ ಮುಟ್ಟಿತು. ಹುಟ್ಟಿದಾಗಿನಿಂದ ಆತ ಮರದ ಮೇಲಿಂದ ಏನನ್ನಾದರೂ ಕೈಯಲ್ಲಿ ಹಿಡಿದು ಇಳಿದದ್ದುಂಟೇ? ಕಾಯಿ, ಗರಿ, ಹೊಂಬಾಳೆ, ಎಲ್ಲ ಕೆಳಗೆ ಬರುವುದು ಒಂದೇ ದಾರಿಯಲ್ಲಿ. ಬಿಟ್ಟ. ಮೊದಲನೇ ಅಪಘಾತದಲ್ಲಿ ಮುರಿದದ್ದು ಒಂದು ತೋಳು, ಎರಡು ರೆಕ್ಕೆ. ಉಳಿದದ್ದೆಲ್ಲ ಎರಡನೆಯದರ ಕೊಡುಗೆ. 'ಗಾಳಿ ಜಾಸ್ತಿ ಇತ್ತು' ಎಂಬ ಮಾತು ಆ ಹೊತ್ತಿಗೆ ನಿಜವಾಗಿಯೂ ಉಪಯೋಗಕ್ಕೆ ಬರುತ್ತಿತ್ತು, ಯಾರೂ ಹೇಳಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ಪೈಲಟ್ಟು ಮೊದಲು ನೋಡಿದ್ದು ವಿಡಿಯೋ. ಮರ ಎಷ್ಟು ಚೆಂದ ಎದುರಾಯಿತು ಎಂದು ನಿಧಾನ ಮಾಡಿ, ನಿಲ್ಲಿಸಿ, ನನಗೂ ತೋರಿಸಿದ. ಅಷ್ಟರಲ್ಲಿ ಅತ್ತೆಯವರು ಜಗಲಿಯಿಂದ, "ಏನೋ ಹಣ್ಣಾದ ವಾಸ್ನೆ ಬರ್ತಿದೆಯಲ್ಲ, ಬಾಳೆಗೊನೆ ಏನಾದ್ರೂ ಒಡೀತಾ?" ಎಂದರು. ಪೈಲಟ್ಟು ಎದ್ದು ಓಡಿದ. ಲಿಥಿಯಂ ಪಾಲಿಮರ್ ಬ್ಯಾಟರಿಯ ಚೀಲ ತೂತಾದರೆ ಬರುವ ವಾಸನೆ ಹಾಗೆಯೇ, ಸಿಹಿಸಿಹಿ. ಆ ಬ್ಯಾಟರಿಗೆ ಟಾರ್ಚಿನ ಸೆಲ್ಲಿಗಿರುವಂತೆ ತಗಡಿನ ಕವಚ ಇಲ್ಲ. ತೆಳ್ಳನೆಯ ಹಾಳೆಯ ಚೀಲದೊಳಗೆ ಪದರ ಪದರ. ಏಟು ಬಿದ್ದು ಒಳಗಿನ ಪದರಗಳು ಒಂದಕ್ಕೊಂದು ತಾಗಿದರೆ ಕೂಡಲೇ ಹೊತ್ತಿಕೊಳ್ಳಬಹುದು, ಅಥವಾ ಎಲ್ಲ ಸರಿಯಾಯಿತು ಎಂದು ನೀವು ಕಾಫಿಗೆ ಕೂತ ಮೇಲೆ ಹೊತ್ತಿಕೊಳ್ಳಬಹುದು. ಅಂಗಳದಾಚೆ ಮರಳ ರಾಶಿಯ ಮೇಲೆ ಅದನ್ನಿಟ್ಟು, ಕಾವಲಿಗೆ ನನ್ನನ್ನು ಕೂರಿಸಿದ. ಈ ಹುದ್ದೆಗೆ ಎಳನೀರೂ ಇರಲಿಲ್ಲ.

ಏಟೇ ಬೀಳದ ಬ್ಯಾಟರಿಯೂ ಸುಲಭದ್ದಲ್ಲ. ಒಂದೊಂದು ಸೆಲ್ಲೂ ಹೆಸರಿಗೆ 3.7 ವೋಲ್ಟು; ತುಂಬಿದಾಗ 4.2, ಅದಕ್ಕಿಂತ ಮೇಲೆ ಹೋಗಬಾರದು, 3.3ರ ಕೆಳಗೆ ಇಳಿಸಲೂಬಾರದು. ಹಾರಿಸದೆ ಸುಮ್ಮನೆ ಇಡುವುದಾದರೆ 3.8ರ ಆಸುಪಾಸಿನಲ್ಲಿ ಇಡಬೇಕು. ತುಂಬಿಸಿ ಇಟ್ಟರೂ ಉಬ್ಬುತ್ತದೆ, ಬರಿದು ಮಾಡಿ ಇಟ್ಟರೂ ಉಬ್ಬುತ್ತದೆ, ಮದುವೆಗೆ ಬಂದ ಬೀಗರ ಹಾಗೆ. ಉಬ್ಬಿದ್ದನ್ನು ಒತ್ತಿ ಸರಿಮಾಡುವವರೂ, ಸೂಜಿ ಚುಚ್ಚಿ ಗಾಳಿ ಬಿಡುವವರೂ ಇದ್ದಾರಂತೆ. ಅಂಥವರು ನಿಮ್ಮ ಬೀದಿಯಲ್ಲಿದ್ದರೆ ಮನೆ ಬದಲಿಸಿ. ತೂತಾದ ಬ್ಯಾಟರಿಯನ್ನು ರಿಪೇರಿ ಮಾಡುವುದಿಲ್ಲ. ಹೊರಗಡೆಯೇ ಇಟ್ಟು, ಅದು ಪೂರ್ತಿ ತಣ್ಣಗಾಗಿ ಸುಮ್ಮನಾದ ಮೇಲೆ ಇ-ತ್ಯಾಜ್ಯದವರಿಗೆ ಕೊಡುವುದು, ಅಷ್ಟೇ. ಪೈಲಟ್ಟು ಒಪ್ಪಿದ. ಅವನು ಒಪ್ಪಿದ ಸೋಲು ಇದೊಂದೇ, ಯಾಕೆಂದರೆ ಇದರಲ್ಲಿ ಬಿಚ್ಚುವುದಕ್ಕೆ ಸ್ಕ್ರೂ ಇಲ್ಲ.

ಆಮೇಲೆ ಊಟದ ಮೇಜು ಹೋಯಿತು. ನಾವೆಲ್ಲ ನೆಲದ ಮೇಲೆ ಎಲೆ ಹಾಕಿಕೊಂಡೆವು. ಮೇಜಿನ ಮೇಲೆ ಡ್ರೋನು ಮಲಗಿತು. ಅತ್ತೆಯವರು ಒಂದೇ ಒಂದು ಷರತ್ತು ಹಾಕಿದರು, ಒಗ್ಗರಣೆ ಡಬ್ಬ ಮುಟ್ಟಕೂಡದು. ಹಿಂದೊಮ್ಮೆ ಅದರಲ್ಲಿಟ್ಟ ಸ್ಕ್ರೂಗಳು ಸಾಸಿವೆಯೊಂದಿಗೆ ಒಗ್ಗರಣೆಗೂ ಬಿದ್ದಿದ್ದವು.

ಮಾವನವರ ಕಾಲದಲ್ಲಿ ರೇಡಿಯೋ ಬಿಚ್ಚುತ್ತಿದ್ದರು. ಅವರಿಗೆ ಈ ಡ್ರೋನಿನ ಮೇಲೆ ಎಷ್ಟು ಸಿಟ್ಟಿದೆಯೋ ಅದರ ಹೊಟ್ಟೆಯೊಳಗಿನ ಸಾಮಾನಿನ ಮೇಲೆ ಅಷ್ಟೇ ಕುತೂಹಲ. ಕನ್ನಡಕ ಹಣೆಗೇರಿಸಿ ಬಂದು ನಿಂತರು. "ಮೊದ್ಲು ಕಣ್ಣಲ್ಲಿ ನೋಡು. ಮೀಟ್ರು ಎಲ್ಲೂ ಓಡಿಹೋಗಲ್ಲ" ಎಂದರು. ನೋಡಿದರು ಇಬ್ಬರೂ. ಮುರಿದ ತೋಳು ಕಣ್ಣಿಗೆ ಕಾಣುತ್ತದೆ, ಮುರಿಯದ ತೋಳೇ ಮೋಸ ಮಾಡುವುದು. ಕಾರ್ಬನ್ ಫೈಬರ್ ಪದರಗಳು ಒಳಗೊಳಗೇ ಬಿಟ್ಟುಕೊಂಡಿದ್ದರೆ ಮೇಲೆ ಒಂದು ಕೂದಲೆಳೆ ಗೆರೆ ಕಾಣಬಹುದು, ಕಾಣದೆಯೂ ಇರಬಹುದು. ತುದಿ ಹಿಡಿದು ತಿರುಚಿದರೆ ಸಣ್ಣಗೆ 'ಕಿರ್' ಎನ್ನುತ್ತದೆ. ಅದನ್ನು ಹಾಗೇ ಹಾರಿಸಿದರೆ ಡ್ರೋನು ಜ್ವರ ಬಂದವರಂತೆ ನಡುಗಲು ಶುರು ಮಾಡುತ್ತದೆ, ಗೈರೋ ಆ ನಡುಕವನ್ನು ಹಿಡಿಯುತ್ತದೆ, ಡ್ರೋನಿನ ಮಿದುಳು ಅದನ್ನು ಸರಿಪಡಿಸಲು ಹೋಗಿ ಮೋಟಾರುಗಳನ್ನು ಕಾಯಿಸುತ್ತದೆ. ಇನ್ನೊಂದು ವಿಷಯ, ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ಸಿಪ್ಪೆ ಸುಲಿದ ವೈರೊಂದು ತೋಳಿಗೆ ತಾಗಿದರೂ ಶಾರ್ಟು. ಅದನ್ನು ಅರದಿಂದ ಉಜ್ಜುವಾಗ ಏಳುವ ಕಪ್ಪು ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಮಾಡಿಕೊಂಡು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಉಜ್ಜಬೇಕು. ಕೊರೋನಾ ಕಾಲದ ಮಾಸ್ಕುಗಳ ಒಂದು ಕಟ್ಟು ಬೀರುವಿನಲ್ಲಿ ಉಳಿದದ್ದಕ್ಕೆ ಅಂತೂ ಸದ್ಗತಿ ಸಿಕ್ಕಿತು.

ಮೋಟಾರುಗಳ ಸರದಿ. ಬೆರಳಿನಿಂದ ಮೆಲ್ಲಗೆ ತಿರುಗಿಸಿ ಕಿವಿಗೆ ಹಿಡಿಯಬೇಕು. ಮಣ್ಣು ಹೊಕ್ಕಿದ್ದರೆ ಕರಕರ ಎನ್ನುತ್ತದೆ. ಒಳಗೆ ಆಯಸ್ಕಾಂತಗಳಿರುವುದರಿಂದ ಮಣ್ಣಿನಲ್ಲಿರುವ ಕಬ್ಬಿಣದ ಪುಡಿಯನ್ನೆಲ್ಲ ಅದು ಅಪ್ಪಿಕೊಂಡು ಕೂತಿರುತ್ತದೆ, ಊದಿದರೆ ಹೋಗದು. ಅಂಟು ಟೇಪಿನ ತುದಿಯಿಂದ ಒತ್ತಿ ಒತ್ತಿ ತೆಗೆಯಬೇಕು. ಮೇಲಿನ ಗಂಟೆಯಾಕಾರದ ಮುಚ್ಚಳ ತಿರುಗುವಾಗ ಬೆಳಕಿಗೆ ಹಿಡಿದು ನೋಡಬೇಕು; ಸೊಟ್ಟಗಾಗಿದ್ದರೆ ಅಲ್ಲಾಡುತ್ತದೆ, ನೆಟ್ಟಗಿದ್ದರೆ ನಿಂತ ಹಾಗೇ ಕಾಣುತ್ತದೆ. ಒಂದು ಸೊಟ್ಟಗಿತ್ತು. ಪೈಲಟ್ಟು ಅದನ್ನು ಎತ್ತಿ ಹಿಡಿದು, "ಭಾವ, ನೋಡಿ, ಎಷ್ಟು ಸೊಟ್ಟ!" ಎಂದ. ಮಗು ಮೊದಲ ಹಲ್ಲು ಬಿಟ್ಟಾಗಲೂ ಅವನು ಅಷ್ಟು ಸಂಭ್ರಮ ಪಟ್ಟಿರಲಿಲ್ಲ ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

ಈ ಕಸುಬಿನಲ್ಲಿ ಒಂದು ಹಳೆಯ ಶಾಪವಿದೆ: ಬಿದ್ದಾಗ ಉಳಿದದ್ದು ರಿಪೇರಿಯಲ್ಲಿ ಹೋಗುತ್ತದೆ. ಮೋಟಾರನ್ನು ತೋಳಿಗೆ ಬಿಗಿಯುವ ಸ್ಕ್ರೂ ಮೂರು ಮಿಲಿಮೀಟರ್ ದಪ್ಪದ್ದು. ಹಳೆಯದು ಕಳೆಯಿತೆಂದು ಡಬ್ಬದಲ್ಲಿ ಕೈಗೆ ಸಿಕ್ಕ ಇನ್ನೊಂದನ್ನು ಹಾಕಿ ಬಿಗಿದರೆ, ಅದು ಒಂದೆರಡು ಮಿಲಿಮೀಟರ್ ಉದ್ದವಿದ್ದರೂ ಸಾಕು, ತಳದಿಂದ ತೂರಿ ಮೋಟಾರಿನ ತಾಮ್ರದ ಸುರುಳಿಯನ್ನು ಚುಚ್ಚುತ್ತದೆ. ಹೊರಗಡೆ ಏನೂ ಕಾಣಿಸದು. ಕರೆಂಟು ಕೊಟ್ಟಾಗ ಹೊಗೆ. ಅದಕ್ಕೇ ಬಿಗಿದ ಮೇಲೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಸ್ಕ್ರೂವಿಗೂ ಇನ್ನೊಂದನ್ನು ಮೋಟಾರಿನ ವೈರಿಗೂ ಇಟ್ಟು ನೋಡುವುದು. 'ಕುಂಯ್' ಎಂದರೆ ಬಿಚ್ಚು. ಲೋಹಕ್ಕೆ ಲೋಹ ಸೇರುವ ಕಡೆ ಸ್ಕ್ರೂ ಸಡಿಲವಾಗದಂತೆ ನೀಲಿ ಅಂಟೊಂದನ್ನು ಹನಿಸುತ್ತಾರೆ, ಪ್ಲಾಸ್ಟಿಕ್ಕಿಗೆ ಅದೇ ಅಂಟು ತಾಗಿದರೆ ಪ್ಲಾಸ್ಟಿಕ್ಕು ಬಿರಿಯುತ್ತದೆ. ಗೊತ್ತಿಲ್ಲದವನ ಕೈಯಲ್ಲಿ ಉಪಕಾರವೂ ಹೀಗೆಯೇ ಎಂದು ಮಾವನವರು ಯಾರನ್ನೋ ನೋಡಿ ಹೇಳಿದರು. ನಾನು ಕಿಟಕಿಯಾಚೆ ಬ್ಯಾಟರಿ ಕಾಯುತ್ತಿದ್ದೆ.

ಸಾಮಾನು ತರಲು ಎಸ್‌ಪಿ ರೋಡು. ಬೆಂಗಳೂರಿನಲ್ಲಿ ಟೌನ್ ಹಾಲಿನಿಂದ ನಡೆದು ಹೋಗುವಷ್ಟು ದೂರ. ಆದರೆ ಒಳಹೊಕ್ಕವರು ಎಷ್ಟು ಹೊತ್ತಿಗೆ ಹೊರಬರುತ್ತಾರೆ ಎಂಬುದನ್ನು ಅವರ ಜೇಬು ನಿರ್ಧರಿಸಬೇಕು. ಒಂದಾಳು ಅಡ್ಡ ನಿಂತರೆ ಮುಚ್ಚಿಹೋಗುವಷ್ಟು ಅಗಲದ ಅಂಗಡಿಗಳು, ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡಬ್ಬಿ. ಪೈಲಟ್ಟು ಮುರಿದ ತೋಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋಗುತ್ತಾನೆ. ಅಂಗಡಿಯಾತ ಅದನ್ನು ಬಿಡಿಸಿ ನೋಡಿ, ಎಕ್ಸ್‌ರೇ ನೋಡಿದ ಡಾಕ್ಟರಿನ ಮುಖ ಮಾಡಿ, "ಎಲ್ಲಿ ಬಿತ್ತು ಸಾರ್?" ಎನ್ನುತ್ತಾನೆ. "ಮರ." "ಮಾವಾ?" "ತೆಂಗು." "ಓ, ತೆಂಗು ಕಷ್ಟ ಸಾರ್" ಎಂದು ತಲೆಯಾಡಿಸುತ್ತಾನೆ. ಬೆಲೆ ಹೇಳುವ ಮೊದಲು ತೋರಿಸುವ ಈ ಸಹಾನುಭೂತಿಯ ದರವೂ ಬೆಲೆಯಲ್ಲೇ ಸೇರಿರುತ್ತದೆ.

ಈ ಅಂಗಡಿಗಳ ಭಾಗ್ಯ ಹೆಚ್ಚಿಸಿದ್ದು ಒಂದು ಸರಕಾರಿ ಆದೇಶ. 2022ರ ಫೆಬ್ರವರಿ 9ರಂದು ಕೇಂದ್ರ ಸರಕಾರ ವಿದೇಶದಿಂದ ತಯಾರಾದ ಡ್ರೋನ್ ತರುವುದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆಯಂಥವಕ್ಕೆ ಮಾತ್ರ ಬಾಗಿಲು ಬಿಟ್ಟಿತು. ಬಿಡಿಭಾಗ ತರುವುದಕ್ಕೆ ಯಾವ ಅನುಮತಿಯೂ ಬೇಡ ಎಂದಿತು. ಅಂದರೆ ಜೋಡಿಸಿದ್ದು ಬರಕೂಡದು, ಬಿಚ್ಚಿದ್ದು ಬರಬಹುದು. ಪೈಲಟ್ಟಿನಂಥವರ ಮನೋಧರ್ಮವನ್ನು ಸರಕಾರವೇ ಕಾನೂನು ಮಾಡಿಕೊಟ್ಟ ಹಾಗಾಯಿತು.

ತಯಾರಾದ ಡ್ರೋನ್ ಇಟ್ಟುಕೊಂಡವರ ಪಾಡು ಬೇರೆ. ನಮ್ಮ ಸೋದರತ್ತೆಯ ಮಗ ಮದುವೆ ಫೋಟೋದವನು. ಅವನದು ಮಡಚುವ ತೋಳಿನ ಪುಟ್ಟ ಕ್ಯಾಮೆರಾ ಡ್ರೋನು, ತೂಕ 249 ಗ್ರಾಮು. ಆ ಒಂದು ಗ್ರಾಮಿನ ಮಡಿವಂತಿಕೆ ಯಾಕೆಂದರೆ ನಮ್ಮ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಮಿನವರೆಗೆ ನ್ಯಾನೋ, ಅದು ದಾಟಿದರೆ ಮೈಕ್ರೋ; ಅಮೆರಿಕ, ಯುರೋಪುಗಳಲ್ಲೂ ಗೆರೆ ಎಳೆದಿರುವುದು ಅಲ್ಲೇ. ಹಸಿರು ವಲಯದಲ್ಲಿ 400 ಅಡಿ ಎತ್ತರ, ವಿಮಾನ ನಿಲ್ದಾಣಗಳ ಸುತ್ತ ಹಳದಿ, ಕೆಂಪು ವಲಯ ಎಂಬುದೆಲ್ಲ ಅದೇ ನಿಯಮಗಳಲ್ಲಿದೆ, ಹಾರಿಸುವವರು ಓದಿಕೊಳ್ಳಲಿ. ನಾನು ಹೇಳಹೊರಟದ್ದು ಗ್ರಾಮಿನ ವಿಷಯ. ಅವನ ಡ್ರೋನು ಒಂದು ಛತ್ರದ ಚಪ್ಪರಕ್ಕೆ ತಗುಲಿ ತೋಳು ಮುರಿಯಿತು. ಮರುದಿನ ಬೇರೆ ಮುಹೂರ್ತ. ಅರಾಲ್ಡೈಟ್ ಬಳಿದ, ಅದು ಸಾಲದೆಂದು ಐಸ್‌ಕ್ರೀಂ ಕಡ್ಡಿ ಕಟ್ಟಿದ, ಮೇಲೆ ಟೇಪು ಸುತ್ತಿದ. ಚಿನ್ನದಂಗಡಿಯವನ ತಕ್ಕಡಿಯಲ್ಲಿ ತೂಗಿದರೆ 256. ನ್ಯಾನೋ ಹೋಗಿ ಮೈಕ್ರೋ! ಅಂಟು ಹಾಕಿದ್ದಕ್ಕೆ ಸರಕಾರಿ ದರ್ಜೆಯಲ್ಲಿ ಬಡ್ತಿ ಸಿಕ್ಕಿದ ವಾಹನ ಜಗತ್ತಿನಲ್ಲಿ ಇದೊಂದೇ ಇರಬೇಕು.

ಅಲ್ಲಿಗೆ ನಿಲ್ಲಲಿಲ್ಲ. ಕ್ಯಾಮೆರಾ ಹಿಡಿದಿರುವ ಗಿಂಬಲ್ಲಿನ ಬಳಿ ಒಂದು ಸೀಳು ಕಂಡಿತು, ಫೆವಿಕ್ವಿಕ್ ಹನಿಸಿದ. ಆ ಅಂಟು ಒಣಗುವಾಗ ಏಳುವ ಆವಿ ಹತ್ತಿರದ ನುಣುಪಾದ ಮೈಮೇಲೆಲ್ಲ ಬಿಳಿ ಪೊರೆಯಾಗಿ ಕೂರುತ್ತದೆ. ಕೂತದ್ದು ಲೆನ್ಸಿನ ಮೇಲೆ. ಮರುದಿನದ ಮದುವೆಯ ವಿಡಿಯೋದಲ್ಲಿ ವಧೂವರರು ಮಂಜಿನಲ್ಲಿ ಓಡಾಡಿದರು. ಬೀಗರು "ಎಷ್ಟು ಚೆನ್ನಾಗಿ ಮಂಜಿನ ಎಫೆಕ್ಟು ಕೊಟ್ಟಿದೀರಿ" ಎಂದು ಹೊಗಳಿದರಂತೆ; ಅವನು ಬಿಲ್ಲಿನಲ್ಲಿ ಅದಕ್ಕೂ ಒಂದು ಸಾಲು ಸೇರಿಸಿದ. ಗಿಂಬಲ್ಲಿಗೆ ಹೋಗುವ ರಿಬ್ಬನ್ ಕೇಬಲ್ಲು ಹರಿದಿದ್ದರೆ ಮಾತ್ರ ಯಾವ ಜಾಣತನವೂ ನಡೆಯದು. ಈರುಳ್ಳಿ ಪೊರೆಯಷ್ಟು ತೆಳುವಾದ ಅದು ಹಲವು ಮಡಿಕೆಯಲ್ಲಿ ಮೂರು ಪುಟ್ಟ ಮೋಟಾರುಗಳನ್ನು ಬಳಸಿಕೊಂಡು ಹೋಗಿರುತ್ತದೆ. ಹೊಸದನ್ನು ಹಾಕುವವನಿಗೆ ಚಿಮಟ, ಭೂತಗನ್ನಡಿ, ಉಸಿರು ಬಿಗಿಹಿಡಿಯುವ ಶಕ್ತಿ, ಹತ್ತಿರದಲ್ಲಿ ಸೀನುವವರು ಯಾರೂ ಇಲ್ಲದ ಕೋಣೆ, ಇಷ್ಟೂ ಬೇಕು.

ನಮ್ಮ ಮೇಜಿಗೆ ಮರಳೋಣ. ಬೆಸುಗೆ ಹಾಕುವ ದಿನ ಮಾವನವರು ತಮ್ಮ ಹಳೆಯ ಸಾಲ್ಡರಿಂಗ್ ಕಡ್ಡಿ ತಂದು ಕೊಟ್ಟರು. 25 ವ್ಯಾಟಿನದು, ಮರದ ಹಿಡಿ. ರೇಡಿಯೋಕ್ಕೆ ಅದು ಸಾಕು. ಆದರೆ ಡ್ರೋನಿಗೆ ಬ್ಯಾಟರಿಯಿಂದ ಬರುವ ವೈರು ದಪ್ಪ, ಅದು ಕೂರುವ ಪ್ಯಾಡಿನ ಹಿಂದೆ ಬೋರ್ಡಿನ ಇಡೀ ತಾಮ್ರದ ಹಾಸು. ಕಡ್ಡಿ ಕೊಟ್ಟ ಕಾವನ್ನೆಲ್ಲ ಅದು ಹೀರಿಕೊಳ್ಳುತ್ತದೆ. 63-37 ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗುವುದೇನೋ ನಿಜ, ಕಡ್ಡಿಯ ತುದಿಯಲ್ಲಿ ಕರಗಿ ಪ್ಯಾಡಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ನೋಡುವುದಕ್ಕೆ ಅಂಟಿದಂತಿರುತ್ತದೆ, ಮಂಕಾಗಿ ಉಂಡೆಕಟ್ಟಿರುತ್ತದೆ, ಮೊದಲ ತಿರುವಿನಲ್ಲೇ ಕಳಚಿಕೊಳ್ಳುತ್ತದೆ. ಪೈಲಟ್ಟು ತನ್ನ 60 ವ್ಯಾಟಿನ ಕಡ್ಡಿ ತೆಗೆದ. ಮಾವನವರು ಒಂದು ಕ್ಷಣ ಮುನಿಸಿಕೊಂಡು, ಆಮೇಲೆ ಪೇಸ್ಟು ಎಷ್ಟು ಹಚ್ಚಬೇಕೆಂಬ ವಿಷಯದಲ್ಲಿ ಮಗನೊಂದಿಗೆ ಅರ್ಧ ಗಂಟೆ ಜಗಳವಾಡಿ ಸಮಾಧಾನ ಮಾಡಿಕೊಂಡರು.

ಎಲ್ಲ ಬೆಸೆದಾಯಿತು. ಈಗ ಕರೆಂಟು ಕೊಡಬೇಕು. ಅಷ್ಟೊತ್ತು ಬಡಬಡಿಸುತ್ತಿದ್ದ ಮನೆ ಈ ಹೊತ್ತಿಗೆ ಗಪ್‌ಚಿಪ್ಪಾಗುತ್ತದೆ. ಪೈಲಟ್ಟು ಒಂದು ಪುಟ್ಟ ಡಬ್ಬಿ ತೆಗೆದ. ಸ್ಮೋಕ್ ಸ್ಟಾಪರ್ ಅಂತೆ, ಬ್ಯಾಟರಿಗೂ ಡ್ರೋನಿಗೂ ನಡುವೆ ಸಿಕ್ಕಿಸಿದರೆ ಎಲ್ಲಾದರೂ ಶಾರ್ಟ್ ಇದ್ದಾಗ ಹೊಗೆ ಬರುವ ಮೊದಲೇ ಕರೆಂಟು ತಡೆಯುತ್ತದಂತೆ. ಬೆಲೆ ಕೇಳಿದ ಮಾವನವರು ಸೀದಾ ಅಟ್ಟಕ್ಕೆ ಹೋಗಿ ಒಂದು ಹಲಗೆ ತಂದರು. ಹಲಗೆಯ ಮೇಲೆ ಒಂದು ಹೋಲ್ಡರು, ಒಂದು ಪ್ಲಗ್ ಪಾಯಿಂಟು, 100 ವ್ಯಾಟಿನ ಬಲ್ಬು.

"ಇದೇನಪ್ಪ?"

"ಸೀರೀಸ್ ಬೋರ್ಡು."

"ಮತ್ತೆ ನಿನ್ನ ಕೈಲಿರೋದು?"

ಪೈಲಟ್ಟು ತನ್ನ ಡಬ್ಬಿಯನ್ನು ತಿರುಗಿಸಿ ನೋಡಿದ. ಮಿಕ್ಸಿ, ರೇಡಿಯೋ, ಇಸ್ತ್ರಿಪೆಟ್ಟಿಗೆ ರಿಪೇರಿಯ ಪ್ರತಿ ಅಂಗಡಿಯ ಗೋಡೆಯ ಮೇಲೂ ಈ ಹಲಗೆ ಇರುತ್ತದೆ. ಕೆಟ್ಟ ವಸ್ತುವನ್ನು ಬಲ್ಬಿನ ಜತೆ ಸರಣಿಯಲ್ಲಿ ಕೂರಿಸುವುದು; ಒಳಗೆ ಶಾರ್ಟಿದ್ದರೆ ಬಲ್ಬು ಧಗ್ಗನೆ ಉರಿಯುತ್ತದೆ, ವಸ್ತು ಉಳಿಯುತ್ತದೆ. ಮನೆ ಕರೆಂಟಿನ ಆ ಹಲಗೆ ಡ್ರೋನಿಗೆ ಹೊಂದುವುದಿಲ್ಲ ನಿಜ, ಮಾವನವರಿಗೂ ಅದು ಗೊತ್ತು. ಅಟ್ಟದಿಂದ ಇಳಿಯುವಾಗಲೇ ಹಳೆಯ ಕಾರಿನ ಇಂಡಿಕೇಟರ್ ಬಲ್ಬೊಂದನ್ನು ಅಂಗಿ ಜೇಬಿಗೆ ಹಾಕಿಕೊಂಡಿದ್ದರು, 12 ವೋಲ್ಟು, 21 ವ್ಯಾಟು. ಎರಡು ವೈರು ಬೆಸೆದು ಬ್ಯಾಟರಿಯ ದಾರಿಯಲ್ಲಿ ಅದನ್ನು ಕೂರಿಸಿದರು. ಪೈಲಟ್ಟಿನ ಡಬ್ಬಿ ಪಕ್ಕದಲ್ಲಿ ಕೂತು ನೋಡುತ್ತಿತ್ತು.

ಹೊಸ ಬ್ಯಾಟರಿ ಸಿಕ್ಕಿಸಿದ. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿ ಆರಿತು. ಬೋರ್ಡಿನ ಕೆಪಾಸಿಟರ್ ತುಂಬಿಕೊಳ್ಳುವಷ್ಟು ಹೊತ್ತು ಮಾತ್ರ ಆ ಮಿಣುಕು, ಆರಿದರೆ ಕ್ಷೇಮ. ಆರದೆ ಉರಿಯುತ್ತಲೇ ಇದ್ದರೆ ಕೂಡಲೇ ಕೀಳಬೇಕು. ಮೋಟಾರುಗಳು ಸ್ವರ ಹಚ್ಚಿದವು, ಪೀಪೀಪೀ ಎಂದು ಏರುತ್ತ ಹೋಗುವ ಆ ಮೂರು ಸ್ವರ ಕೇಳಿ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ಇಬ್ಬರೂ ನಗುತ್ತಿದ್ದರು, ಆದರೆ ಮಗ ತೋಟ ನೋಡುವುದಿಲ್ಲ ಎಂಬ ಜಗಳ ಇನ್ನೂ ಮುಗಿದಿರಲಿಲ್ಲ.

ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೆ ಎಂದು ಒಂದೊಂದನ್ನೇ ನೋಡಬೇಕು. ಮೂಲೆಗೆ ಎದುರುಮೂಲೆಯ ಜೋಡಿ ಒಂದೇ ಕಡೆಗೆ, ಪಕ್ಕದ್ದು ಉಲ್ಟಾ. ನಾಲ್ಕೂ ಒಂದೇ ಕಡೆ ತಿರುಗಿದರೆ ಮೈಯೇ ಎದುರು ದಿಕ್ಕಿಗೆ ಗಿರಗಿರ ಸುತ್ತುತ್ತದೆ. ದಿಕ್ಕು ತಪ್ಪಿದ್ದರೆ ಮೋಟಾರಿನ ಮೂರು ವೈರುಗಳಲ್ಲಿ ಯಾವ ಎರಡನ್ನಾದರೂ ಅದಲುಬದಲು ಮಾಡಿದರಾಯಿತು. ಈಗೀಗ ಲ್ಯಾಪ್‌ಟಾಪಿನಲ್ಲೇ ಒಂದು ಗುಂಡಿ ಒತ್ತಿದರೂ ಸಾಕು. ಈ ಪರೀಕ್ಷೆಯನ್ನೆಲ್ಲ ರೆಕ್ಕೆ ಬಿಚ್ಚಿಟ್ಟು ಮಾಡಬೇಕು. ಇದೊಂದು ಮಾತಿನಲ್ಲಿ ತಮಾಷೆ ಇಲ್ಲ. 2400 ಕೆವಿ ಮೋಟಾರು ಎಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ 2400 ಸುತ್ತು; ನಾಲ್ಕು ಸೆಲ್ಲಿನ ತುಂಬಿದ ಬ್ಯಾಟರಿ 16.8 ವೋಲ್ಟು; ಭಾರವಿಲ್ಲದೆ ಲೆಕ್ಕ ಹಾಕಿದರೆ 40,000 ದಾಟಿತು. ರೆಕ್ಕೆ ಹಾಕಿದಾಗ ಇಳಿಯುತ್ತದೆ, ಆದರೂ ಬೆರಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪೈಲಟ್ಟಿನ ಗೆಳೆಯರ ಗುಂಪಿನಲ್ಲಿ ಕೈ ನೋಡಿದರೆ ಸಾಕು, ಯಾರು ರೆಕ್ಕೆ ಬಿಚ್ಚದೆ ಪರೀಕ್ಷೆ ಮಾಡಿದವರೆಂದು ಗೊತ್ತಾಗುತ್ತದೆ.

ಶನಿವಾರ ಸಂಜೆ ಕಣದಲ್ಲಿ ಹಾರಿಸಿದ. ರೆಕ್ಕೆಗಳೆಲ್ಲ ಹೊಸವು, ಅಂಚು ಸ್ವಲ್ಪ ಮುರಿದ ಹಳೆಯದನ್ನು ಹಾಕಿದರೆ ಉಳಿತಾಯವಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವನು ಕೊಟ್ಟ ನೋಟವನ್ನು ಇಲ್ಲಿ ಬರೆಯಲಾರೆ. ಡ್ರೋನು ಎದೆಯ ಎತ್ತರಕ್ಕೆ ಏರಿ ನಿಂತಿತು. ಅಲ್ಲಾಡಲಿಲ್ಲ. ಅತ್ತೆಯವರು ಮೊರ ಹಿಡಿದುಕೊಂಡೇ ಬಂದು ನೋಡಿದರು. ಕಾಯಿ ಕೀಳುವ ಆಳೂ ಬೇಲಿಯಾಚೆ ನಿಂತಿದ್ದ, ಈ ಸಲ ಏನೂ ಕೇಳಲಿಲ್ಲ. ಒಂದು ನಿಮಿಷ ಆದ ಮೇಲೆ ಪೈಲಟ್ಟು ಇಳಿಸಿ, ಮೊದಲು ಬ್ಯಾಟರಿ ಕಿತ್ತು, ಆಮೇಲೆ ನಾಲ್ಕೂ ಮೋಟಾರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮೂರು ಉಗುರುಬೆಚ್ಚಗಿದ್ದವು. ನಾಲ್ಕನೆಯದನ್ನು ಮುಟ್ಟಿದವನು ಕೈ ಹಿಂದೆಗೆದುಕೊಂಡ.

"ಕಾದಿದೆ ಭಾವ. ಬೇರಿಂಗ್ ಹೋಗಿದೆ ಅನ್ಸುತ್ತೆ."

ಹಾರುವಾಗ ಬಿಗಿದುಕೊಂಡಿದ್ದ ಅವನ ಮುಖ ಅರಳಿದ್ದು ಆಗಲೇ.

"ಈಗೇನು ಮಾಡ್ತೀಯ?" ಎಂದೆ. "ನಾಳೆ ಭಾನುವಾರ, ಎಸ್‌ಪಿ ರೋಡು ಬಾಗಿಲು."

"ಹಂಗಾದ್ರೆ ನಾಳೆ ಒಂದಿನ ಅಪ್ಪನ ಜತೆ ತೋಟ ನೋಡು" ಎಂದರು ಅತ್ತೆ.

"ನೋಡ್ತೀನಮ್ಮ" ಎಂದು ಅವನು ಆಗಲೇ ಡ್ರೋನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆ ಕಡೆ ಹೊರಟಿದ್ದ. "ಅಪ್ಪಾ, ಆ ಸೊಟ್ಟಗಾದ ಮೋಟ್ರು ಎಲ್ಲಿಟ್ಟೆ? ಅದರ ಬೇರಿಂಗ್ ಚೆನ್ನಾಗಿರುತ್ತೆ."

ಮಾವನವರು ಕನ್ನಡಕ ಹುಡುಕಿಕೊಂಡು ಅವನ ಹಿಂದೆಯೇ ಹೋದರು.